ಒಂದು ಗೋಡೆಗೆ 14 ತಿಂಗಳು

ನಮ್ಮ ಸಮಿತಿಯ ನಡಾವಳಿ ಪುಸ್ತಕದಲ್ಲಿ ಆ ಸಾಲು ಈಗಲೂ ಇದೆ, ನನ್ನದೇ ಕೈಬರಹದಲ್ಲಿ: "ಹೊಸ ಸಮುದಾಯ ಭವನದ ಪ್ರವೇಶ ಹಜಾರದ ಗೋಡೆಗೆ ಸೂಕ್ತ ಕಲಾಕೃತಿ ಮಾಡಿಸುವುದು. ಜವಾಬ್ದಾರಿ: ಕಾರ್ಯದರ್ಶಿ." ಸಭೆ ಮುಗಿದು ಎಲ್ಲರೂ ಎದ್ದು ನಿಂತಿದ್ದರು. ಅಧ್ಯಕ್ಷರು ಬಾಗಿಲ ಹತ್ತಿರ ಹೋದವರು ತಿರುಗಿ, "ಆ ಗೋಡೆ ಬೋಳುಬೋಳಾಗಿ ಕಾಣುತ್ತೆ, ಏನಾದ್ರೂ ಚಿತ್ರ ಹಾಕಿಸಿಬಿಡಿ" ಅಂದರು. ಅರ್ಧ ನಿಮಿಷದ ಮಾತು. ಅದು ಮುಗಿಯೋಕೆ 14 ತಿಂಗಳು ಹಿಡಿಯಿತು. ಕಾರ್ಯದರ್ಶಿ ನಾನೇ. ವೃತ್ತಿಯಿಂದ ಲೆಕ್ಕಪತ್ರ ನೋಡುವವನು. ಅಲ್ಲಿಯವರೆಗೆ ಕ್ಯಾಲೆಂಡರ್ ಬಿಟ್ಟರೆ ಬೇರೆ ಚಿತ್ರ ಕೊಂಡವನಲ್ಲ.

ಮೊದಲು ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ, ಕೊಟೇಶನ್ ಕರೆದೆ. ಕುರ್ಚಿ, ಫ್ಯಾನು, ನೀರಿನ ಟ್ಯಾಂಕು ಎಲ್ಲಕ್ಕೂ ಹಾಗೇ ತಾನೆ ಮಾಡಿದ್ದು? ಗೋಡೆಯ ಅಳತೆ ಬರೆದು, ಚದರ ಅಡಿಗೆ ದರ ನಮೂದಿಸಿ ಅಂತ ಐದಾರು ಕಲಾವಿದರಿಗೆ ಪತ್ರ ಹಾಕಿದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬ ಹಿರಿಯರು ಮಾತ್ರ ಫೋನ್ ಮಾಡಿದರು. "ಒಂದು ಸಣ್ಣ ಸಂಶಯ. ಆಕಾಶಕ್ಕೂ ಅದೇ ದರವಾ, ಇಲ್ಲ ಬರೀ ನೀಲಿ ಬಳಿಯೋದು ಅಂತ ಸ್ವಲ್ಪ ಇಳಿಸಬೇಕಾ?" ನಾನು ಪೆದ್ದನ ಹಾಗೆ, "ಒಟ್ಟು ಸೇರಿಸಿಯೇ ಹೇಳಿ ಸಾರ್" ಅಂದೆ. ಅವರು ಗಟ್ಟಿಯಾಗಿ ನಕ್ಕರು. ಆಮೇಲೆ ಅರ್ಧ ಗಂಟೆ ಮಾತಾಡಿದರು. ಅವರು ಹೇಳಿದ್ದರಲ್ಲಿ ಒಂದನ್ನು ಚೀಟಿಯಲ್ಲಿ ಬರೆದುಕೊಂಡೆ: "ನಿಮ್ಮ ಹತ್ರ ಎಷ್ಟು ದುಡ್ಡಿದೆ ಅಂತ ಮೊದಲೇ ಹೇಳಿಬಿಡಿ. ದುಡ್ಡು ಮುಚ್ಚಿಟ್ಟು ದರ ಕೇಳಿದ್ರೆ ಎಲ್ಲರಿಗಿಂತ ಕಡಿಮೆಗೆ ಮಾಡೋನು ಸಿಗ್ತಾನೆ. ದುಡ್ಡು ಹೇಳಿ ಕೆಲಸ ಕೇಳಿದ್ರೆ, ಅಷ್ಟರೊಳಗೆ ಎಲ್ಲರಿಗಿಂತ ಚೆನ್ನಾಗಿ ಮಾಡೋನು ಸಿಗ್ತಾನೆ." ಇಪ್ಪತ್ತು ವರ್ಷ ಟೆಂಡರ್ ಕಾಗದಗಳನ್ನು ತಿರುವಿ ಹಾಕಿದ ನನಗೆ ಇದು ಸ್ವಲ್ಪ ಚುಚ್ಚಿತು.

ಹಾಗಾದರೆ ಎಷ್ಟು? ಫ್ರಾನ್ಸಿನಲ್ಲಿ 1951ರಿಂದಲೇ ಶಾಲಾ ಕಟ್ಟಡಗಳ ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ಕಲೆಗೆ ತೆಗೆದಿಡುವ ನಿಯಮ ಇತ್ತು. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಅಂಥದ್ದೇ ಒಂದು ನಿಯಮ ತಂದಿತು. ಇದನ್ನು ಖಜಾಂಚಿಯವರ ಮುಂದಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ಒಂದು ಅಂದ್ರೆ ಒಂದೇ, ಆಮೇಲೆ ಲೈಟಿಗೆ ಬೇರೆ, ಲಾರಿಗೆ ಬೇರೆ ಅಂತ ಬರಬಾರದು" ಅಂದರು. ಅವರ ಈ ಜಿಗುಟುತನದಿಂದ ನಮಗೆ ಒಳ್ಳೆಯದೇ ಆಯಿತು. ಕಲಾವಿದರ ಸಂಭಾವನೆಯ ಜೊತೆ ಗೋಡೆ ಸಿದ್ಧಮಾಡುವುದು, ಸಾಗಣೆ, ವಿಮೆ, ಎಂಜಿನಿಯರ್ ಶುಲ್ಕ, ದೀಪ, ಮುಂದಿನ ರಿಪೇರಿ ಎಲ್ಲವನ್ನೂ ಆ ಒಂದರೊಳಗೇ ಕೂಡಿಸಿ ಕಳೆದು ನೋಡಬೇಕಾಯಿತು. ಹತ್ತರಲ್ಲೊಂದು ಭಾಗ ಅನಿರೀಕ್ಷಿತಕ್ಕೆ ಅಂತ ಎತ್ತಿಟ್ಟೆವು. ಅದಷ್ಟೂ ಖರ್ಚಾಯಿತು, ಅದು ಬೇರೆ ಮಾತು.

ಗೋಡೆಯ ಕಥೆಯನ್ನು ನಾವು ಅಷ್ಟರವರೆಗೆ ಕೇಳಿಯೇ ಇರಲಿಲ್ಲ. ಆರ್ಕಿಟೆಕ್ಟ್ ನಕ್ಷೆ ಬಿಡಿಸಿ ತೋರಿಸಿದಾಗ ನಮ್ಮ 24 ಅಡಿ ಉದ್ದದ 'ಖಾಲಿ' ಗೋಡೆಯ ನಟ್ಟನಡುವೆ ಬೆಂಕಿ ನಂದಿಸುವ ಪೈಪಿನ ಕೆಂಪು ಪೆಟ್ಟಿಗೆ, ಅದರ ಪಕ್ಕಕ್ಕೆ ಸ್ವಿಚ್ ಬೋರ್ಡು. ಪುಣ್ಯಕ್ಕೆ ವೈರು ಹಾಯಿಸುವ ಕಂಡ್ಯೂಟ್ ಪೈಪುಗಳಿಗೆ ಗೋಡೆ ಇನ್ನೂ ಕೊರೆದಿರಲಿಲ್ಲ. ಎರಡನ್ನೂ ಬಲಬದಿಯ ಕಂಬದ ಕಡೆಗೆ ಸರಿಸಿಕೊಟ್ಟರು. ಒಂದು ತಿಂಗಳು ತಡವಾಗಿದ್ದರೆ, ಎಂಥ ಮಹಾನ್ ಕಲಾವಿದ ಬಂದರೂ ಆ ಕೆಂಪು ಪೆಟ್ಟಿಗೆಯ ಸುತ್ತ ಹೂಬಳ್ಳಿ ಬರೆಯಬೇಕಾಗುತ್ತಿತ್ತು.

ಇನ್ನು ವಿಷಯ. ಏನು ಬರೆಸುವುದು? ಸಮಿತಿಯ ಒಂಬತ್ತು ಜನರಿಗೂ ಒಂದೇ ಚಿತ್ರ ಹೊಳೆದಿತ್ತು ಅಂದರೆ ನಂಬುತ್ತೀರಾ? ಕೈಕೈ ಹಿಡಿದ ಮಕ್ಕಳು, ಹಾರುವ ಪಾರಿವಾಳ, ಹಿಂದೆ ಉದಯಿಸುವ ಸೂರ್ಯ. ಪಾರಿವಾಳ ಎಷ್ಟಿರಬೇಕು ಅನ್ನುವುದರಲ್ಲಷ್ಟೇ ಭಿನ್ನಾಭಿಪ್ರಾಯ. ಗ್ರಂಥಾಲಯ ನೋಡಿಕೊಳ್ಳುವ ಸದಸ್ಯೆ ತಣ್ಣಗೆ ಕೇಳಿದರು: "ಇಲ್ಲಿಗೆ ಬರೋರು ಯಾರು, ಬಂದು ಆ ಗೋಡೆ ಹತ್ರ ಏನು ಮಾಡ್ತಾರೆ ಅಂತ ಯಾರಾದ್ರೂ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಆಗಿನ್ನೂ ಪಕ್ಕದ ಹಳೇ ಕಟ್ಟಡದಲ್ಲೇ ಎಲ್ಲ ನಡೆಯುತ್ತಿತ್ತು. ಒಂದು ವಾರ ಸರದಿಯ ಮೇಲೆ ಅಲ್ಲಿನ ಹಜಾರದಲ್ಲಿ ಕೂತೆವು. ನಾನು ಕೂತ ಎರಡು ಸಂಜೆ ಕಂಡದ್ದು ಇಷ್ಟು: ಚಿತ್ರಪಟಗಳನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಗೋಡೆಯನ್ನು ಎಲ್ಲರೂ ಮುಟ್ಟುತ್ತಾರೆ. ಮಕ್ಕಳು ಓಡುವಾಗ ಬೆರಳನ್ನು ಗೋಡೆಗೆ ಎಳೆಯುತ್ತಾ ಓಡುತ್ತಾರೆ. ಕಾಯುವವರು ಒರಗುತ್ತಾರೆ. ಕಣ್ಣು ಕಾಣದ ಹಿರಿಯರೊಬ್ಬರು ಅಂಗೈಯನ್ನು ಗೋಡೆಯ ಮೇಲೆ ಸರಿಸುತ್ತಾ ಹೋಗಿ, ಮೂರನೇ ಬಾಗಿಲ ಚೌಕಟ್ಟು ಸಿಕ್ಕಾಗ ಒಳಗೆ ತಿರುಗುತ್ತಾರೆ. ಹಳೇ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಉದ್ದಕ್ಕೂ ಒಂದು ಕೊಳೆಯ ಪಟ್ಟಿ ಇತ್ತು. ವರ್ಷಕ್ಕೊಮ್ಮೆ ಅದರ ಮೇಲೆ ಪೇಂಟ್ ಹೊಡೆಸುತ್ತಿದ್ದೆವು, ಲೆಕ್ಕ ನಾನೇ ಬರೆಯುತ್ತಿದ್ದೆ. ಅದೇನೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಕಲಾವಿದರಿಗೆ ಕಳಿಸುವ ಒಂದು ಪುಟದ ವಿವರಣೆಯಲ್ಲಿ ವಿಷಯ ಏನೆಂದು ನಾವು ಬರೆಯಲೇ ಇಲ್ಲ. ಯಾರು ಬರುತ್ತಾರೆ, ಯಾವ ಹೊತ್ತಿಗೆ ಯಾವ ಕಡೆಯಿಂದ ಬೆಳಕು ಬೀಳುತ್ತದೆ, ಎಷ್ಟು ಹಣ ಇದೆ, ಯಾವಾಗ ಬೇಕು. ಮತ್ತೆ ಒಂದೇ ಷರತ್ತು: ಮುಟ್ಟಬಹುದಾದ್ದಾಗಿರಬೇಕು, 'ಮುಟ್ಟಬೇಡಿ' ಅನ್ನುವ ಫಲಕ ಹಾಕುವಂತಿರಬಾರದು.

31 ಅರ್ಜಿ ಬಂದವು. ಹೆಸರು ಮುಚ್ಚಿ, ನಂಬರ್ ಹಾಕಿ, ಹಿಂದಿನ ಕೆಲಸಗಳ ಫೋಟೋ ನೋಡಿ ಮೂವರನ್ನು ಆರಿಸಿದೆವು. ಒಬ್ಬ ಸದಸ್ಯರಿಗೆ ಅರ್ಜಿದಾರರೊಬ್ಬರು ನೆಂಟರು. ಅವರು ತಾವಾಗಿಯೇ ಎದ್ದು ಹೊರಗೆ ಹೋದರು. ಆ ಮೂವರಿಗೂ ಮಾದರಿ ಮಾಡುವುದಕ್ಕೆ ಶುಲ್ಕ ಕೊಟ್ಟೆವು. "ಆಯ್ಕೆಯಾಗದವರಿಗೂ ದುಡ್ಡಾ?" ಅಂತ ಖಜಾಂಚಿಯವರು ಗೊಣಗಿದರು. ಒಂದು ತಿಂಗಳು ತಲೆ ಕೆಡಿಸಿಕೊಂಡು ಗೋಡೆ ಅಳೆದು ಮಾದರಿ ಮಾಡುವವರು ಬಿಟ್ಟಿ ಯಾಕೆ ಮಾಡಬೇಕು? ಆಯ್ಕೆಯಾಗದ ಮಾದರಿ ಅವರದೇ ಸ್ವತ್ತು, ಅದರ ಐಡಿಯಾವನ್ನು ನಾವು ಬೇರೆಯವರ ಕೈಲಿ ಮಾಡಿಸುವ ಹಾಗಿಲ್ಲ ಅಂತಲೂ ಬರೆದುಕೊಟ್ಟೆವು.

ಆಯ್ಕೆಯ ದಿನ ನನ್ನ ಲೆಕ್ಕದ ಬುದ್ಧಿ ಇನ್ನೊಮ್ಮೆ ಮಣ್ಣು ಮುಕ್ಕಿತು. ನಾನೇ ಅಂಕಪಟ್ಟಿ ಮಾಡಿದ್ದೆ: ಕಲ್ಪನೆಗೆ ಇಷ್ಟು, ಬಾಳಿಕೆಗೆ ಇಷ್ಟು, ಜಾಗಕ್ಕೆ ಹೊಂದುವುದಕ್ಕೆ ಇಷ್ಟು. ಕೂಡಿಸಿದರೆ ಎರಡನೇ ಮಾದರಿಗೆ ಅತಿ ಹೆಚ್ಚು. ಆದರೆ ಒಂಬತ್ತು ಜನರಲ್ಲಿ ಒಬ್ಬರಿಗೂ ಅದು ಮೊದಲ ಆಯ್ಕೆಯಾಗಿರಲಿಲ್ಲ. ಎಲ್ಲರೂ ಅದಕ್ಕೆ ಹತ್ತರಲ್ಲಿ ಏಳು ಕೊಟ್ಟಿದ್ದರು. ಮೂರನೇ ಮಾದರಿಗೆ ಐದು ಜನ ಹತ್ತು ಕೊಟ್ಟಿದ್ದರೆ ನಾಲ್ವರು ಎರಡು ಮೂರು ಕೊಟ್ಟಿದ್ದರು. ಸರಾಸರಿ ತೆಗೆದರೆ ಯಾರಿಗೂ ಬೇಡವೆನಿಸದ್ದು ಗೆಲ್ಲುತ್ತದೆ. ಪಟ್ಟಿ ಪಕ್ಕಕ್ಕಿಟ್ಟು ಮಾತಿಗೆ ಕೂತೆವು, ಮೂರೂವರೆ ಗಂಟೆ.

ಮೂರನೆಯದು ಏನೆಂದು ಹೇಳಲಿಲ್ಲ ಅಲ್ಲವೇ? ಜಾಗ ನೋಡಲು ಬಂದ ಕಲಾವಿದೆ ಹಳೇ ಕಟ್ಟಡದ ಮೂಲೆಯಲ್ಲಿ ಒಂದು ಕಪಾಟು ಕಂಡಿದ್ದರು. ಜನ ಮರೆತು ಬಿಟ್ಟುಹೋದದ್ದನ್ನು ಕಾವಲುಗಾರ ಅದರಲ್ಲಿ ಎತ್ತಿಡುತ್ತಿದ್ದ. ಕೊಡೆ, ಬೀಗದ ಕೈ, ಒಂಟಿ ಚಪ್ಪಲಿ, ಕನ್ನಡಕ, ಪೆನ್ನಿನ ಮುಚ್ಚಳ, ಊರುಗೋಲು, ಮಗುವಿನ ಗಿಲಕಿ. ಅವನ್ನು ಹಸಿ ಜೇಡಿಮಣ್ಣಿಗೆ ಒತ್ತಿ ಅಚ್ಚು ತೆಗೆದು, ಉಬ್ಬುಚಿತ್ರವಾಗಿ ಸುಟ್ಟು, 18 ಅಡಿ ಉದ್ದ 6 ಅಡಿ ಎತ್ತರಕ್ಕೆ ಹೊಳೆಯಂತೆ ಹರಿಸುವುದು ಅವರ ಯೋಚನೆ. ಮಾದರಿ ತುಂಡೊಂದು ಮೇಜಿನ ಮೇಲಿತ್ತು. ಚರ್ಚೆ ನಡೆಯುತ್ತಿದ್ದಷ್ಟು ಹೊತ್ತೂ ಒಬ್ಬರಲ್ಲ ಒಬ್ಬರು ಅದರ ಮೇಲಿನ ಬೀಗದ ಕೈಯನ್ನು ಸವರುತ್ತಲೇ ಇದ್ದರು, ಎರಡು ಅಂಕ ಕೊಟ್ಟವರೂ ಸೇರಿ. ನನಗೆ ನಿರ್ಧಾರವಾದದ್ದು ಅಲ್ಲೇ.

"ಹೊಸ ಕಟ್ಟಡದ ಗೋಡೆಗೆ ಯಾರದೋ ಹಳೇ ಚಪ್ಪಲಿ ಅಂಟಿಸೋದಾ?" ಅನ್ನುವುದು ಅಧ್ಯಕ್ಷರ ಆಕ್ಷೇಪ. ಕಲಾವಿದೆ ವಾದಿಸಲಿಲ್ಲ. "ಚಪ್ಪಲಿ ಕಾಲಿನ ಹತ್ರಾನೇ ಇರ್ಲಿ ಸಾರ್, ಕೆಳಗಿನ ಸಾಲಿಗೆ ಹಾಕೋಣ" ಅಂದರು. ಆಮೇಲೆ ಬಳಿಗೆ ಬಂದು ಮೆಲ್ಲಗೆ, "ಚಿಕ್ಕ ಮಕ್ಕಳ ಕೈಗೆ ಎಟುಕೋದೂ ಅಲ್ಲೇ" ಅಂತ ನನ್ನೊಬ್ಬನಿಗೆ ಹೇಳಿದರು.

ಬಹುಮತದಿಂದ ಒಪ್ಪಿಸಿ ಮುಗಿಸಬಹುದಿತ್ತು. ಆದರೆ ದಿನಾ ಆ ಗೋಡೆಯ ಮುಂದೆ ಓಡಾಡುವವರನ್ನು ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. ನ್ಯೂಯಾರ್ಕಿನ ಸರ್ಕಾರಿ ಕಚೇರಿಗಳ ಮುಂದಿನ ಬಯಲಿನಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರ್ರಾ ಅವರ 'ಟಿಲ್ಟೆಡ್ ಆರ್ಕ್' ನಿಂತಿತು: 120 ಅಡಿ ಉದ್ದದ, 12 ಅಡಿ ಎತ್ತರದ, ತುಕ್ಕಿನ ಬಣ್ಣದ ಉಕ್ಕಿನ ಗೋಡೆ. ಅಲ್ಲಿ ಕೆಲಸ ಮಾಡುವವರು ಸುತ್ತು ಬಳಸಿ ಹೋಗಬೇಕಾಯಿತು. ದೂರು, 1985ರಲ್ಲಿ ಬಹಿರಂಗ ವಿಚಾರಣೆ, ಕೋರ್ಟು, ಕೊನೆಗೆ 1989ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಇದೇ ಜಾಗಕ್ಕೆಂದು ಮಾಡಿದ್ದನ್ನು ಬೇರೆಡೆ ಇಡುವುದು ಅಂದರೆ ನಾಶ ಮಾಡಿದ ಹಾಗೇ ಅನ್ನುವುದು ಸೆರ್ರಾ ವಾದ. ನನಗೆ ಎರಡೂ ಕಡೆಯವರು ಸರಿ ಅನ್ನಿಸುತ್ತದೆ, ಅದೇ ಕಷ್ಟ. ನಾವು ಮಾಡಿದ್ದು ಇಷ್ಟೇ: ಕಲಾವಿದೆ ಇಡೀ ವಿನ್ಯಾಸವನ್ನು ನಿಜ ಅಳತೆಗೇ ಕಾಗದದ ಮೇಲೆ ಬರೆದರು, ಅದನ್ನು ಹತ್ತು ದಿನ ಗೋಡೆಗೆ ಅಂಟಿಸಿಟ್ಟೆವು. ಆಗ ಗೊತ್ತಾಯಿತು, ಅವರು ಬಹಳ ಇಷ್ಟಪಟ್ಟು ಜೋಡಿಸಿದ್ದ ಕನ್ನಡಕಗಳ ಗುಂಪು ಸರಿಯಾಗಿ ಸಾಲು ನಿಲ್ಲುವವರ ಬೆನ್ನ ಹಿಂದೆ ಮುಚ್ಚಿಹೋಗುತ್ತದೆ ಅಂತ. ಅವು ಬಾಗಿಲ ಕಡೆಗೆ ಸರಿದವು.

ಒಪ್ಪಂದ ಬರೆಯುವಾಗ ವಕೀಲರು ಕೇಳಿದ ಪ್ರಶ್ನೆ: "ನಾಳೆ ಈ ಗೋಡೆ ಒಡೀಬೇಕಾದ್ರೆ?" ಗೋಡೆ ನಮ್ಮದಾದರೂ ಕೃತಿಯ ಮೇಲೆ ಕಲಾವಿದರ ಹಕ್ಕು ಉಳಿದೇ ಇರುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಅದನ್ನೇ ಹೇಳುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರ್ ನಾಥ್ ಸೆಹಗಲ್ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ಹೊತ್ತಿಗೆ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ಮರಳಿಸಿ ಪರಿಹಾರವನ್ನೂ ಕೊಡಿಸಿತು. ಆದ್ದರಿಂದ ನಮ್ಮ ಕಾಗದದಲ್ಲಿ ಬಂತು: ತೆಗೆಯುವುದಾದರೆ 90 ದಿನ ಮೊದಲು ತಿಳಿಸಬೇಕು, ತುಂಡುಗಳನ್ನು ವಾಪಸ್ ಪಡೆಯುವ ಮೊದಲ ಅವಕಾಶ ಅವರದು. ಹಣ ನಾಲ್ಕು ಕಂತು: ಸಹಿಗೆ, ಮಣ್ಣಿಗೆ, ಸುಟ್ಟು ಮುಗಿದ ಮೇಲೆ, ಗೋಡೆಗೆ ಕೂತ ಮೇಲೆ. ಉಳಿದದ್ದು ಮಾಮೂಲು.

ಆಮೇಲಿನ ಮೂರು ತಿಂಗಳು ನನ್ನ ಜೀವನದಲ್ಲೇ ನಾನು ಹೆಚ್ಚು ಕಲಿತ ಕಾಲ ಇರಬೇಕು. ವಾರಕ್ಕೊಮ್ಮೆ ಅವರ ಶೆಡ್ಡಿಗೆ ಹೋಗುತ್ತಿದ್ದೆ, ಹೋಗುವ ಅಗತ್ಯ ಇಲ್ಲದಿದ್ದರೂ. ಮಣ್ಣು ಒಣಗಿ ಸುಟ್ಟಾಗ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಗೋಡೆಯಲ್ಲಿ 18 ಅಡಿ ಬರಬೇಕಾದರೆ ಹಸಿಯಲ್ಲಿ 20 ಅಡಿ ಮಾಡಬೇಕು. ನೆಲದ ಮೇಲೆ ಹಾಸಿದ ಆ ಹಸಿ ಹೊಳೆ ಕಣ್ಣೆದುರಿಗೇ ದಿನದಿನಕ್ಕೆ ಸಣ್ಣದಾಗುತ್ತಿತ್ತು. 140 ತುಂಡು. ಪ್ರತಿಯೊಂದರ ಬೆನ್ನಿಗೆ ನಂಬರು ಮತ್ತು ಮೇಲ್ಮುಖದ ಬಾಣ. ಉಬ್ಬು ಹೆಚ್ಚಿರುವ ಕಡೆ ಬೆನ್ನನ್ನು ಚಮಚದಂಥ ಉಪಕರಣದಿಂದ ಕೆರೆದು ಟೊಳ್ಳು ಮಾಡುತ್ತಿದ್ದರು; ದಪ್ಪ ಎಲ್ಲ ಕಡೆ ಒಂದೇ ಇದ್ದರೆ ಒಂದೇ ಹದದಲ್ಲಿ ಒಣಗುತ್ತದೆ. ತುಂಡನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದು, "ತಣ್ಣಗಿದೆಯಾ? ಹಾಗಾದ್ರೆ ಒಳಗೆ ಇನ್ನೂ ನೀರಿದೆ" ಅಂದಿದ್ದರು ಒಮ್ಮೆ.

ಅದನ್ನು ಕೇಳಿಸಿಕೊಂಡವನೇ ನಾನು ಆ ತಪ್ಪು ಮಾಡಿದೆ. ಉದ್ಘಾಟನೆಯ ದಿನ ಗೊತ್ತಾಗಿತ್ತು, ಮೋಡ ಮುಸುಕಿ ಮಣ್ಣು ಒಣಗುತ್ತಿರಲಿಲ್ಲ. ನಾನು ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದೆ: "ಮೇಡಂ, ಮೊದಲ ಭಟ್ಟಿ ಯಾವಾಗ?" ಮೂರನೇ ಸಲ ಅವರು ಸುಮ್ಮನಿದ್ದು, "ಸರಿ, ನಾಳೆ ಹಾಕ್ತೀನಿ" ಅಂದರು. ಮರುದಿನ ಶೆಡ್ಡಿನ ಹೊರಗೆ ನಿಂತಿದ್ದಾಗ ಒಳಗಿಂದ ಮೆತ್ತಗೆ ಒಂದು ಶಬ್ದ, ದೂರದಲ್ಲಿ ಯಾರೋ ಬಾಗಿಲು ಹಾಕಿಕೊಂಡ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಳಗುಳಿದ ನೀರು 100 ಡಿಗ್ರಿ ದಾಟಿ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ತುಂಡನ್ನೇ ಸಿಡಿಸುತ್ತದೆ. ಒಂದೊಂದು ಶಬ್ದಕ್ಕೂ ಅವರು ಬೆರಳು ಮಡಿಸಿದರು, ನನ್ನ ಕಡೆ ನೋಡಲಿಲ್ಲ. ಆರು ತುಂಡು. ಅನಿರೀಕ್ಷಿತ ಖಾತೆಯ ಮೊದಲ ಖರ್ಚು. ಆ ವೋಚರಿನಲ್ಲಿ ಕಾರಣ ಅನ್ನುವ ಕಡೆ "ಕಾರ್ಯದರ್ಶಿಯ ಅವಸರ" ಅಂತ ಬರೆಯಬೇಕಿತ್ತು, "ಒಣಗುವಿಕೆಯ ತೊಂದರೆ" ಅಂತ ಬರೆದೆ.

ಆಮೇಲೆ ನಾನೇ ಉದ್ಘಾಟನೆಯನ್ನು ಎರಡು ತಿಂಗಳು ಮುಂದೂಡಿಸಿದೆ. ಮುಂದಿನ ಭಟ್ಟಿಗಳನ್ನು ಇಡೀ ರಾತ್ರಿ 100 ಡಿಗ್ರಿಗಿಂತ ಕೆಳಗೇ ಇಟ್ಟು ಒಣಗಿಸಿಕೊಂಡು ಆಮೇಲೆ ಏರಿಸಿದರು. ಇಳಿಸುವಾಗಲೂ ಆತುರವಿಲ್ಲ: 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕ ಶಿಲೆಯ ಕಣಗಳು ಒಮ್ಮೆಲೇ ಕುಗ್ಗುತ್ತವೆ, ಆಗ ಭಟ್ಟಿ ಬಾಗಿಲು ತೆರೆದರೆ ಸೀಳು ಗ್ಯಾರಂಟಿ. ಎರಡು ದಿನ ಯಾರೂ ಬಾಗಿಲು ಮುಟ್ಟುವ ಹಾಗಿರಲಿಲ್ಲ. ನಾನಂತೂ ಫೋನೂ ಮುಟ್ಟಲಿಲ್ಲ.

ಅತ್ತ ಗೋಡೆಯೂ ಹಸಿ. ಹೊಸ ಪ್ಲಾಸ್ಟರಿಂಗ್ ಆಗಿ 28 ದಿನ ಕಳೆದಿದ್ದರೂ ಮೇಸ್ತ್ರಿ ಒಪ್ಪಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಬೆಳಗಿನ ತನಕ ಬಿಟ್ಟ. ಬೆಳಿಗ್ಗೆ ಒಳಮೈ ತುಂಬ ಬೆವರಿನ ಹನಿ. "ನೋಡಿ ಸಾರ್, ಈಗ ಅಂಟಿಸಿದ್ರೆ ಒಳಗಿನ ಉಪ್ಪೆಲ್ಲ ಚಿತ್ರದ ಮೇಲೆ ಬಿಳಿ ಹೂ ಬಿಡುತ್ತೆ." ಮತ್ತೆ ಮೂರು ವಾರ ಕಾದೆವು. ಎಂಜಿನಿಯರ್ ತೂಕ ಕೇಳಿದರು. ಲೆಕ್ಕ ಹಾಕಿದರೆ ಅರ್ಧ ಟನ್ನಿಗೂ ಮೇಲೆ. ನಮ್ಮದು ನಾಲ್ಕೂವರೆ ಇಂಚಿನ ಗೋಡೆ. ಕೆಳಗೆ ಉದ್ದಕ್ಕೂ ಸ್ಟೇನ್‌ಲೆಸ್ ಸ್ಟೀಲಿನ ಆಂಗಲ್ ಕೂರಿಸಿ, ಭಾರದ ತುಂಡುಗಳಿಗೆ ಅಂಟಿನ ಜೊತೆ ಪಿನ್ನೂ ಹಾಕಬೇಕೆಂದರು. ಅದೂ ಅನಿರೀಕ್ಷಿತ ಖಾತೆಗೇ.

ಕೂರಿಸುವ ಒಂಬತ್ತು ದಿನ ಮೇಸ್ತ್ರಿಗೂ ಕಲಾವಿದೆಗೂ ನಡೆದ ಜಗಳವನ್ನು ಬರೆದರೆ ಅದೇ ಒಂದು ಪುಸ್ತಕ. ಅವನು ನೂಲು ಕಟ್ಟಿ, ರಸಮಟ್ಟ ಹಿಡಿದು, ಸಂದುಗಳೆಲ್ಲ ಒಂದೇ ಅಳತೆ ಬರಬೇಕು ಅನ್ನುವವನು. ಅವರಿಗೆ ಸಂದುಗಳು ಹೊಳೆಯ ಹಾಗೆ ಹಿಗ್ಗಿ ಕುಗ್ಗಿ ಹೋಗಬೇಕು.

"ಅಮ್ಮಾ, ಗೆರೆ ಸೊಟ್ಟ ಇದ್ರೆ ನೋಡಿದವರು ನಿಮ್ಮನ್ನ ಬಯ್ಯಲ್ಲ, ಯಾವನ್ರೀ ಮೇಸ್ತ್ರಿ ಅಂತಾರೆ."

"ಸೊಟ್ಟ ಅಲ್ಲ ಮೇಸ್ತ್ರಿ, ಬಳುಕು."

"ಬಳುಕೇ ಆಗ್ಲಿ. ಎಲ್ಲಿ ಬಳುಕಬೇಕು ಅಂತ ಗೆರೆ ಹಾಕಿಕೊಡಿ, ಅದರ ಮೇಲೆ ನೇರವಾಗಿ ಕೂರಿಸ್ತೀನಿ."

ಹಾಗೇ ಆಯಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಳುಕು ಬರೆದುಕೊಟ್ಟರು, ಅವನು ಒಂದು ನೂಲೂ ಆಚೀಚೆಯಾಗದಂತೆ ಅದರ ಮೇಲೆ ಕೂರಿಸಿದ. ಒಂದೊಂದು ತುಂಡಿನ ಬೆನ್ನಿನ ದೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಗಾರೆ ಹಚ್ಚಿ, ಅಂಗೈಯಿಂದ ಒತ್ತಿ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದ. ಟೊಳ್ಳು ಶಬ್ದ ಬಂದರೆ ಕಿತ್ತು ಮತ್ತೆ ಹಾಕುವುದು. ಕೊನೆಯ ದಿನ ಬಲತುದಿಯ ಊರುಗೋಲಿನ ತುದಿ ಕೂತಾಗ ಅವನು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ, ಏನೂ ಹೇಳದೆ ರಸಮಟ್ಟವನ್ನು ಚೀಲಕ್ಕೆ ಹಾಕಿಕೊಂಡ.

ಉದ್ಘಾಟನೆಯ ಭಾಷಣಗಳ ಬಗ್ಗೆ ಬರೆಯುವಂಥದ್ದು ಇಲ್ಲ. ಅಧ್ಯಕ್ಷರು ಚಪ್ಪಲಿಯ ಐಡಿಯಾ ತಮಗೆ ಮೊದಲಿಂದಲೂ ಇಷ್ಟ ಅಂದರು. ದೂರುಗಳೂ ಬಂದವು: ದೂಳು ಕೂರುತ್ತದೆ, ಬಣ್ಣ ಇಲ್ಲ, ಇದರ ಬದಲು ಇನ್ನೆರಡು ಫ್ಯಾನು ಬರುತ್ತಿತ್ತು. ದೂಳಿನ ದೂರು ನಿಜ. ಕಲಾವಿದೆ ಕೊಟ್ಟ ಎರಡು ಪುಟದ ನಿರ್ವಹಣೆ ಸೂಚನೆಯಲ್ಲಿ ಮೆತ್ತನೆಯ ಬ್ರಷ್ಷು, ಬರೀ ನೀರು, ಆಸಿಡ್ ಬೇಡವೇ ಬೇಡ ಅಂತಿದೆ. ಹೊಸದಾಗಿ ಸೇರಿದ ಸ್ವಚ್ಛತಾ ಸಿಬ್ಬಂದಿಗೆ ಅದನ್ನು ಓದಿಹೇಳುವುದು ಈಗ ನನ್ನ ಕೆಲಸಗಳಲ್ಲೊಂದು. ಕಣ್ಣು ಕಾಣದ ಆ ಹಿರಿಯರು ಮೊದಲೆರಡು ದಿನ ದಾರಿ ತಪ್ಪಿದರು. ಈಗ ಗಿಲಕಿ ಸಿಕ್ಕಾಗ ಬಲಕ್ಕೆ ತಿರುಗುತ್ತಾರೆ.

ಒಪ್ಪಂದದಲ್ಲಿ ಹನ್ನೆರಡು ಬಿಡಿ ತುಂಡುಗಳನ್ನೂ ಕೊಡಬೇಕೆಂದು ಬರೆದಿತ್ತು, ಹೆಚ್ಚು ಮುಂಚಾಚಿದವುಗಳದ್ದು. ಅವು ಹಳೇ ಕಪಾಟಿನಲ್ಲೇ ಇವೆ, ಮರೆತುಹೋದ ಅಸಲಿ ಸಾಮಾನುಗಳ ಪಕ್ಕದಲ್ಲಿ. ಉದ್ಘಾಟನೆಯಾದ ಎಂಟನೇ ತಿಂಗಳು ಕುರ್ಚಿ ಸಾಗಿಸುವ ಗಾಡಿ ತಗುಲಿ ಕೊಡೆಯ ಹಿಡಿ ಮುರಿಯಿತು. ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ನಿರ್ವಹಣೆ ಪುಸ್ತಕದಲ್ಲಿ ಕಾವಲುಗಾರನ ಅಕ್ಷರದಲ್ಲಿ ಮೂರು ಸಾಲು ಇತ್ತು: "63ನೇ ತುಂಡು, ಕೊಡೆ ಹಿಡಿ. ಮೇಸ್ತ್ರಿನ ಕರೆಸಿ ಹೊಸದು ಹಾಕಿದೆ. ಬಣ್ಣ ಸ್ವಲ್ಪ ತಿಳಿ, ಮೇಡಂಗೆ ಫೋನ್ ಮಾಡಿ ಕೇಳಿದೆ, ಇರ್ಲಿ ಅಂದ್ರು."